ಮಗನು ಡಿಜೆ ಪೆಟ್ಟಿಗೆಯನ್ನು ಬೇಡಿದಾಗ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೊಲಿಗೆಯ ಯಂತ್ರ, ನೀರಿನ ಶೋಧಕ, ಇನ್ವರ್ಟರು ಇವುಗಳ ವಿಚಾರವೇ ಹೆಚ್ಚು. ಈ ಸಲ ಸಿಂದಗಿ ತಾಲ್ಲೂಕಿನ ಮೋರಟಗಿಯಿಂದ ಬಂದಿರುವ ಪತ್ರ ಬೇರೊಂದು ಬಗೆಯದು. ಬರೆದವರು ಒಕ್ಕಲುತನದ ಜೊತೆಗೆ ಚಿಕ್ಕ ಅಂಗಡಿಯೊಂದನ್ನೂ ನಡೆಸುವ ಗೃಹಸ್ಥರು. ಅವರ ಕಿರಿಯ ಮಗನಿಗೆ ಹತ್ತೊಂಬತ್ತು ವರ್ಷ. ಎರಡು ವರ್ಷಗಳಿಂದ ಮದುವೆ-ಜಾತ್ರೆಗಳ ಕಾಲದಲ್ಲಿ ಡಿಜೆಯವರ ಹಿಂದೆ ತಿರುಗಿ, ಸ್ಪೀಕರು ಹೊತ್ತು, ವಾಯರು ಎಳೆದು, ರಾತ್ರಿಯ ಕೂಲಿ ತಂದು ತಾಯಿಯ ಕೈಗೆ ಕೊಡುತ್ತಿದ್ದಾನೆ. ಈಗ ತನಗೇ ಒಂದು ಕಂಟ್ರೋಲರ್ ಬೇಕೆಂದು ಕೇಳಿದ್ದಾನೆ. “ಯಪ್ಪಾ, ಮಂದಿ ಡಿಜೆ ಹಿಂದ ವಾಯರ್ ಹಿಡ್ಕೊಂಡು ಎಷ್ಟ ದಿನ ತಿರಗ್ಲಿ?” ಎಂಬ ಅವನ ಮಾತನ್ನು ತಂದೆ ಹಾಗೆಯೇ ಬರೆದು ಕಳಿಸಿದ್ದಾರೆ. ತೊಗರಿ ಮಾರಿದ ಹಣದಲ್ಲಿ ಸ್ವಲ್ಪ ಉಳಿದಿದೆಯಂತೆ. ಆದರೆ ಪರಿಚಯಸ್ಥರೊಬ್ಬರು ಬಂದು, “ಕಂಟ್ರೋಲರ್ ಯಾಕೆ? ಸಾಲ ತೆಗೆದು ಇಡೀ ಸೌಂಡ್ ಸಿಸ್ಟಮನ್ನೇ ಹಾಕೋಣ, ಪಾಲಿಗೆ ಬಾ” ಎಂದು ಹುಡುಗನ ಕಿವಿಯೂದಿದ್ದಾರೆ. ಮನೆಯಲ್ಲಿ ಮೂರು ದಿನಗಳಿಂದ ಮಾತಿಲ್ಲ.

ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಈ ಪೆಟ್ಟಿಗೆಯನ್ನು ಬೇಡುವ ಮಕ್ಕಳು ಬೇಕಾದಷ್ಟು ಇದ್ದಾರೆ. ಅಲ್ಲಿ ಅದು ಸಂಜೆಯ ಹವ್ಯಾಸ, ಮೋರಟಗಿಯ ಈ ಹುಡುಗನಿಗೆ ಅದು ಹೊಟ್ಟೆಪಾಡಿನ ಮೊದಲ ಮೆಟ್ಟಿಲು. ಪೆಟ್ಟಿಗೆಯ ಆಯ್ಕೆ ಮಾತ್ರ ಇಬ್ಬರಿಗೂ ಒಂದೇ.

ಮೊದಲು ಈ ಕಂಟ್ರೋಲರ್ ಎಂದರೇನೆಂಬುದನ್ನು ಹಿರಿಯರಿಗೆ ತಿಳಿಸಬೇಕು. ಎರಡು ಗ್ರಾಮಫೋನುಗಳನ್ನು ಅಕ್ಕಪಕ್ಕದಲ್ಲಿಟ್ಟು ನಡುವೆ ಒಂದು ತಕ್ಕಡಿಯನ್ನು ಇಟ್ಟಂತೆ ಭಾವಿಸಿಕೊಳ್ಳಿ. ಎಡಗಡೆಯ ತಟ್ಟೆಯಲ್ಲಿ ಒಂದು ಹಾಡು ನಡೆಯುತ್ತಿರುವಾಗಲೇ ಬಲಗಡೆಯ ಹಾಡನ್ನು ಕಿವಿಗವಸಿನಲ್ಲಿ ಗುಟ್ಟಾಗಿ ಕೇಳಿ, ಅದರ ಲಯವನ್ನು ಮೊದಲಿನದಕ್ಕೆ ಸರಿಹೊಂದಿಸಿ, ಕುಣಿಯುವವರ ಹೆಜ್ಜೆ ತಪ್ಪದಂತೆ ಒಂದರಿಂದ ಇನ್ನೊಂದಕ್ಕೆ ದಾಟಿಸುವುದೇ ಈ ಕಲೆಯ ಸಾರ. ಎರಡು ಧ್ವನಿತಟ್ಟೆಗಳಿಂದ ಈ ಕೆಲಸ ನಡೆಯುತ್ತಿದ್ದ ಕಾಲವೊಂದಿತ್ತು. 1972ರಲ್ಲಿ ಜಪಾನಿನ ಟೆಕ್ನಿಕ್ಸ್ ಸಂಸ್ಥೆಯವರು ಹೊರತಂದ ಎಸ್‌ಎಲ್-1200 ಎಂಬ ತಿರುಗುಮಣೆಯೂ 1979ರ ಅದರ ಎರಡನೆಯ ಅವತರಣಿಕೆಯೂ ಈ ವೃತ್ತಿಗೆ ಅಡಿಗಲ್ಲಾದವು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ಹದಿಹರೆಯದ ಯುವಕನು ಒಂದೇ ಹಾಡಿನ ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು, ಕುಣಿತಕ್ಕೆ ಒದಗುವ ತುಣುಕನ್ನು ಮತ್ತೆ ಮತ್ತೆ ನುಡಿಸಿ ತೋರಿಸಿದನು. ಆ ಸಮಾರಂಭವನ್ನು ಏರ್ಪಡಿಸಿದ್ದವಳು ಅವನ ತಂಗಿ. ಶಾಲೆಯ ಹೊಸ ವರ್ಷಕ್ಕೆ ಬಟ್ಟೆ ಕೊಳ್ಳಲು ಅವಳಿಗೆ ಹಣ ಬೇಕಾಗಿತ್ತು. ಇಂದು ಲೋಕವೆಲ್ಲ ಕೇಳುವ ಹಿಪ್‌ಹಾಪ್ ಸಂಗೀತದ ಹುಟ್ಟನ್ನು ಆ ಸಂಜೆಗೆ ಕಟ್ಟಿ ಹೇಳುತ್ತಾರೆ.

ಆಮೇಲೆ ತಟ್ಟೆ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಕಂಪ್ಯೂಟರು ಬಂತು. ಈಗ ಹಾಡು ಇರುವುದು ಲ್ಯಾಪ್‌ಟಾಪಿನಲ್ಲಿ, ಅದನ್ನು ಓಡಿಸುವುದು ತಂತ್ರಾಂಶ. ಕಂಟ್ರೋಲರ್ ಎಂಬುದು ಆ ತಂತ್ರಾಂಶಕ್ಕೆ ಕೈಕಾಲು ಕೊಡುವ ಹಲಗೆ: ಎರಡು ಚಕ್ರ, ನಡುವೆ ಹಲವು ಗುಂಡಿಗಳು, ಮೇಲೆ ಕೆಳಗೆ ಸರಿಸುವ ಜಾರುಗುಂಡಿಗಳು. ಇದಿಷ್ಟೇ ಎಂದು ತಿಳಿದರೆ ಕೊಳ್ಳುವವನು ಮೋಸಹೋಗುತ್ತಾನೆ, ಏಕೆಂದರೆ ಎಲ್ಲಕ್ಕಿಂತ ಮುಖ್ಯವಾದ ಅಂಗವು ಕಣ್ಣಿಗೆ ಕಾಣುವುದಿಲ್ಲ.

ಆ ಅಂಗವೇ ಒಳಗಿನ ಸೌಂಡ್ ಕಾರ್ಡು. ಮೇಲೆ ಹೇಳಿದ ಗುಟ್ಟಿನ ಕೇಳಿಕೆಯನ್ನು ನೆನೆಯಿರಿ. ಜನರಿಗೆ ಕೇಳುವ ಹಾಡು ಒಂದು ದಾರಿಯಲ್ಲಿ ಸ್ಪೀಕರಿಗೆ ಹೋಗಬೇಕು. ನುಡಿಸುವವನು ಮಾತ್ರ ಕೇಳುವ ಹಾಡು ಇನ್ನೊಂದು ದಾರಿಯಲ್ಲಿ ಕಿವಿಗವಸಿಗೆ ಬರಬೇಕು. ಸಾಮಾನ್ಯ ಲ್ಯಾಪ್‌ಟಾಪಿಗೆ ಇರುವುದು ಒಂದೇ ದಾರಿ. ಎರಡನೆಯ ದಾರಿಯನ್ನು ಕೊಡುವುದೇ ಕಂಟ್ರೋಲರಿನೊಳಗಿನ ಸೌಂಡ್ ಕಾರ್ಡು. ತೀರ ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ಇದು ಇರುವುದೇ ಇಲ್ಲ. ಪಯೊನೀರ್ ಡಿಜೆಯವರು 2019ರಲ್ಲಿ 149 ಡಾಲರಿಗೆ ತಂದ ಡಿಡಿಜೆ-200 ಇದಕ್ಕೆ ಉದಾಹರಣೆ. ನೋಡಲು ಅಂದ, ಹಗುರ, ಮೊಬೈಲಿಗೂ ಜೋಡಿಸಬಹುದು. ಆದರೆ ಅದರಿಂದ ಧ್ವನಿ ಹೊರಡುವುದಿಲ್ಲ. ಧ್ವನಿಯನ್ನು ಮೊಬೈಲಿನಿಂದಲೇ ಅಥವಾ ಕಂಪ್ಯೂಟರಿನಿಂದಲೇ ಪಡೆಯಬೇಕು. ಕಿವಿಗವಸಿಗೆ ಕವಲು ತಂತಿಯೊಂದನ್ನು ಕಟ್ಟಿಕೊಳ್ಳಬೇಕು. ಹಾಗೆ ಕವಲೊಡೆದಾಗ ಸ್ಟೀರಿಯೋ ಹೋಗಿ ಎರಡು ಕಡೆಗೂ ಒಂಟಿ ಧ್ವನಿ ಸಿಗುತ್ತದೆ. ಕೋಣೆಯಲ್ಲಿ ಕುಳಿತು ಕಲಿಯುವವನಿಗೆ ಅಡ್ಡಿಯಿಲ್ಲ. ನಾಳೆ ಯಾರದಾದರೂ ಮನೆಯ ಅರಿಸಿನದ ಶಾಸ್ತ್ರದಲ್ಲಿ ನುಡಿಸಬೇಕೆಂದಿರುವವನಿಗೆ ಅದು ಮೊದಲ ದಿನವೇ ಕೈಕೊಡುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ಪೆಟ್ಟಿಗೆಯನ್ನು ತಿರುಗಿಸಿ ಹಿಂಬದಿಯನ್ನು ನೋಡಬೇಕು. ಸ್ಪೀಕರಿಗೆ ಹೋಗುವ ಕೆಂಪು-ಬಿಳಿ ಆರ್‌ಸಿಎ ಕಿಂಡಿಗಳು, ಕಿವಿಗವಸಿನ ಕಿಂಡಿ, ಸಾಧ್ಯವಾದರೆ ಮೈಕಿನ ಕಿಂಡಿ ಇರಬೇಕು. ನಮ್ಮ ಕಡೆಯ ಸಮಾರಂಭಗಳಲ್ಲಿ ಮೈಕನ್ನು ಕೇಳದೆ ಬಿಡುವ ಹಿರಿಯರು ಯಾರಿದ್ದಾರೆ?

ಹಿಂಬದಿ ಸರಿಯಿದ್ದರೆ ಮುಂಬದಿಗೆ ಬರೋಣ. ಪ್ರತಿಯೊಂದು ಹಾಡಿಗೂ ಮೇಲಿನ, ನಡುವಣ, ಕೆಳಗಿನ ಸ್ವರಭಾಗಗಳನ್ನು ಬೇರೆಬೇರೆಯಾಗಿ ತಗ್ಗಿಸುವ ಮೂರು ಗುಂಡಿಗಳು ಇರಬೇಕು. ಎರಡು ಹಾಡುಗಳ ಡೋಲಿನ ಪೆಟ್ಟು ಒಮ್ಮೆಲೇ ಬಿದ್ದರೆ ಕೆಸರು ಕಲಸಿದಂತಾಗುತ್ತದೆ. ಒಂದರ ಕೆಳಸ್ವರವನ್ನು ಇಳಿಸಿ ಇನ್ನೊಂದರದನ್ನು ಏರಿಸುವುದು ಕಲಿಯುವವನ ಮೊದಲ ಪಾಠ. ನ್ಯೂಮಾರ್ಕ್ ಸಂಸ್ಥೆಯ ಡಿಜೆ2ಗೋ2 ಎಂಬ ಅಂಗೈಯುದ್ದದ ಪೆಟ್ಟಿಗೆಯಲ್ಲಿ ಸೌಂಡ್ ಕಾರ್ಡು ಇದೆ, ಈ ಮೂರು ಗುಂಡಿಗಳು ಇಲ್ಲ. ಪ್ರಯಾಣದಲ್ಲಿ ಜೇಬಿಗೆ ಹಾಕಿಕೊಳ್ಳುವವರಿಗೆ ಅದು ಸರಿ, ಕಲಿಯುವವನಿಗೆ ಸಾಲದು.

ಇನ್ನು ಆರಂಭದವರಿಗೆ ಯೋಗ್ಯವೆಂದು ಹೆಸರಾದವುಗಳು ಯಾವುವು? ಪಯೊನೀರ್ ಡಿಜೆಯವರ ಡಿಡಿಜೆ-400 ಎಂಬುದು 2018ರಲ್ಲಿ 249 ಡಾಲರಿಗೆ ಬಂದು ಲೋಕದ ಅರ್ಧ ಆರಂಭಿಗರ ಗುರುವಾಯಿತೆಂದರೆ ಅತಿಶಯವಾದೀತು. ಬಹಳ ಮಂದಿಗೆ ಗುರುವಾದದ್ದು ಮಾತ್ರ ನಿಜ. ಈಗ ಅದರ ತಯಾರಿಕೆ ನಿಂತಿದೆ. ಅದರ ಜಾಗಕ್ಕೆ ಬಂದದ್ದು ಡಿಡಿಜೆ-ಎಫ್‌ಎಲ್‌ಎಕ್ಸ್4. ರೆಕಾರ್ಡ್‌ಬಾಕ್ಸ್, ಸೆರಾಟೊ ಎಂಬ ಎರಡು ತಂತ್ರಾಂಶಗಳೊಡನೆಯೂ ಅದು ಹೊಂದಿಕೊಳ್ಳುತ್ತದೆ, ಮೈಕಿನ ಕಿಂಡಿಯಿದೆ, ಲ್ಯಾಪ್‌ಟಾಪಿನ ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ತು ಪಡೆಯುತ್ತದೆ. ಫ್ರಾನ್ಸಿನ ಹರ್ಕ್ಯುಲಿಸ್ ಸಂಸ್ಥೆಯವರ ಡಿಜೆಕಂಟ್ರೋಲ್ ಇನ್‌ಪಲ್ಸ್ 300, ಅದರ ತಮ್ಮನಾದ ಇನ್‌ಪಲ್ಸ್ 200, ಇವೆರಡರದು ಬೇರೊಂದು ಜಾಣತನ: ಎರಡನೆಯ ಹಾಡು ಮೊದಲಿನದಕ್ಕಿಂತ ಮುಂದೆ ಓಡುತ್ತಿದೆಯೋ ಹಿಂದೆ ಬಿದ್ದಿದೆಯೋ ಎಂಬುದನ್ನು ಚಿಕ್ಕ ದೀಪಗಳು ತೋರಿಸುತ್ತವೆ. ಗುರುವಿಲ್ಲದ ಊರಿನಲ್ಲಿ ಇದು ಚಿಕ್ಕ ಉಪಕಾರವಲ್ಲ. ನ್ಯೂಮಾರ್ಕಿನ ಮಿಕ್ಸ್‌ಟ್ರ್ಯಾಕ್ ಪ್ರೊ ಎಫ್‌ಎಕ್ಸ್ ಎಂಬುದರ ಚಕ್ರಗಳು ದೊಡ್ಡವು. ಕೈ ಆಡಿಸಲು ಹಿತ.

ಬೆಲೆಯನ್ನು ಇಲ್ಲಿ ರೂಪಾಯಿಗಳಲ್ಲಿ ಬರೆಯುವುದಿಲ್ಲ. ಆಮದಿನ ಸಾಮಾನಿಗೆ ಸುಂಕ, ಡಾಲರು, ಅಂಗಡಿಯವರ ಮನಸ್ಸು, ಈ ಮೂರೂ ಸೇರಿ ತಿಂಗಳಿಗೊಂದು ಬೆಲೆಯಾಗುತ್ತದೆ. ಮೋರಟಗಿಯವರು ವಿಜಯಪುರದಲ್ಲಿ ಒಂದು ಅಂಗಡಿಯನ್ನೂ ಸೊಲ್ಲಾಪುರದಲ್ಲಿ ಒಂದನ್ನೂ ವಿಚಾರಿಸಿ, ಆನ್‌ಲೈನ್ ಬೆಲೆಯೊಡನೆ ಹೋಲಿಸಿ, ಖಾತರಿಯ ಚೀಟಿ ಭಾರತದ್ದೇ ಎಂಬುದನ್ನು ಖಚಿತಪಡಿಸಿಕೊಂಡು ಕೊಳ್ಳಲಿ. ಖಾತರಿಯಿಲ್ಲದೆ ಎರಡು ಸಾವಿರ ಕಡಿಮೆಗೆ ಸಿಗುವ ಪೆಟ್ಟಿಗೆ ಅಗ್ಗದ್ದಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಯಾವ ಊರಿನ ಅಂಗಡಿಯವನಾದರೂ ಹೇಳಿಯಾನು. ವಿಜಯಪುರದ ಸೀಮೆಯಲ್ಲಿ ನುಡಿಸುವವನಿಗೆ ಅವನು ಹೇಳದೆ ಬಿಡುವ ವಿಷಯವೊಂದಿದೆ.

ಪ್ರತಿಯೊಂದು ಕಂಟ್ರೋಲರಿನ ಮೇಲೂ ‘ಸಿಂಕ್’ ಎಂಬ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಎರಡು ಹಾಡುಗಳ ಲಯ ತಾನಾಗಿ ಕೂಡಿಕೊಳ್ಳುತ್ತದೆಂದು ಮಾರುವವರು ಹೊಗಳುತ್ತಾರೆ. ತಂತ್ರಾಂಶವು ಹಾಡನ್ನು ಮೊದಲೇ ಅಳೆದು, ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ಲೆಕ್ಕ ಹಾಕಿ, ಅದರ ಮೇಲೆ ಸಮಾನ ಅಂತರದ ಗೆರೆಗಳನ್ನು ಎಳೆದಿರುತ್ತದೆ. ಸಿಂಕ್ ಒತ್ತಿದಾಗ ಗೆರೆಗೆ ಗೆರೆ ಕೂಡಿಸುತ್ತದೆ. ಕಂಪ್ಯೂಟರಿನಲ್ಲಿಯೇ ಹುಟ್ಟಿದ ಹಾಡಿಗೆ ಇದು ಸರಿ, ಏಕೆಂದರೆ ಅದರ ಲಯ ಮೊದಲಿನಿಂದ ಕೊನೆಯವರೆಗೆ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಆದರೆ ನಮ್ಮ ಮೆರವಣಿಗೆಯ ಜನ ಬರಿಯ ಅಂಥವನ್ನೇ ಕೇಳುವರೆ? ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಇವರ ಕಾಲದ ಚಿತ್ರಗೀತೆಗಳನ್ನು ವಾದ್ಯಗಾರರು ಒಟ್ಟಿಗೆ ಕುಳಿತು ನುಡಿಸಿದರು. ಅಲ್ಲಿ ಲಯ ಉಸಿರಾಡುತ್ತದೆ: ಪಲ್ಲವಿಯಲ್ಲಿ ಒಂದು, ಚರಣದಲ್ಲಿ ಸ್ವಲ್ಪ ಹಿಂದೆ, ಮುಗಿಯುವಾಗ ಸ್ವಲ್ಪ ಮುಂದೆ. ಹಲಗಿಯ ಮೇಳವನ್ನು ಬಯಲಿನಲ್ಲಿ ಧ್ವನಿಮುದ್ರಿಸಿದ್ದರೆ ಕೇಳಲೇಬೇಡಿ. ಕರಡಿ ಮಜಲನ್ನು ಕೇಳಿದವರಿಗೆ ಗೊತ್ತು: ಕರಡಿಯ ಪೆಟ್ಟು, ತಾಳ, ಸನಾದಿಯ ಎಳೆ ಮೂರೂ ಒಂದನ್ನೊಂದು ಕೆಣಕುತ್ತ ಬರಬರುತ್ತ ಏರುತ್ತವೆ. ಆ ಏರಿಕೆಯೇ ಅದರ ರುಚಿ. ಅಂಥ ಧ್ವನಿಮುದ್ರಿಕೆಯ ಮೇಲೆ ತಂತ್ರಾಂಶವು ಎಳೆದ ಸಮಾನಾಂತರದ ಗೆರೆಗಳು ಅರ್ಧ ನಿಮಿಷದೊಳಗೆ ಸುಳ್ಳಾಗುತ್ತವೆ. ಸಿಂಕ್ ಒತ್ತಿದವನು ಆಗ ಎರಡು ಎತ್ತುಗಳನ್ನು ಎರಡು ದಿಕ್ಕಿಗೆ ಹೂಡಿದವನಂತಾಗುತ್ತಾನೆ. ಆರು ಮಾತ್ರೆಯ ಹಾಡನ್ನೋ ಏಳು ಮಾತ್ರೆಯದನ್ನೋ ನಾಲ್ಕರ ಎಣಿಕೆಯೊಳಗೆ ತುರುಕಹೊರಟಾಗಲಂತೂ ಯಂತ್ರ ಪೂರ್ಣ ದಿಕ್ಕೆಡುತ್ತದೆ.

ಆದ್ದರಿಂದ ನಮ್ಮ ಸೀಮೆಯ ಹುಡುಗನು ಕಿವಿಯಿಂದಲೇ ಲಯ ಕೂಡಿಸುವುದನ್ನು ಕಲಿಯಬೇಕು. ಅದಕ್ಕೆ ಬೇಕಾದ ಅಂಗಗಳು ಎರಡು: ಹಾಡಿನ ವೇಗವನ್ನು ಬದಲಿಸುವ ಜಾರುಗುಂಡಿ ಮತ್ತು ಹಾಡನ್ನು ಬೆರಳಿನಿಂದ ಮುಂದಕ್ಕೋ ಹಿಂದಕ್ಕೋ ತಳ್ಳುವ ಚಕ್ರ. ಜಾರುಗುಂಡಿ ಉದ್ದವಾಗಿದ್ದಷ್ಟೂ ಒಳ್ಳೆಯದು. ಗಿಡ್ಡವಾಗಿದ್ದರೆ ಕೂದಲೆಳೆಯಷ್ಟು ಸರಿಸಿದರೂ ಲಯ ನೆಗೆಯುತ್ತದೆ. ಲೆಕ್ಕವೂ ಸುಲಭ. ಒಂದು ಹಾಡು ನಿಮಿಷಕ್ಕೆ 100 ಪೆಟ್ಟಿನದು, ಇನ್ನೊಂದು 104ರದು ಎನ್ನಿ. ಮೊದಲಿನದನ್ನು ಶೇಕಡಾ 4ರಷ್ಟು ಏರಿಸಿದರೆ ಕೂಡಿಕೊಂಡವು. ಮೊದಲಿನದು 96ರದಾಗಿದ್ದರೆ ಶೇಕಡಾ 8ಕ್ಕಿಂತ ಹೆಚ್ಚು ಏರಿಸಬೇಕಾಗುತ್ತದೆ. ಹಳೆಯ ತಿರುಗುಮಣೆಗಳ ಮಿತಿ ಶೇಕಡಾ 8. ಈಗಿನ ತಂತ್ರಾಂಶಗಳಲ್ಲಿ ಆ ಮಿತಿಯನ್ನು ಹಿಗ್ಗಿಸಬಹುದು. ಆದರೆ ಶೇಕಡಾ 6ರಷ್ಟು ಏರಿಸಿದರೆ ಹಾಡಿನ ಶ್ರುತಿ ಸುಮಾರು ಅರ್ಧ ಸ್ವರ ಮೇಲೇರಿ ಗಾಯಕನ ದನಿ ಕೀರಲಾಗುತ್ತದೆ. ಅದನ್ನು ತಡೆಯಲು ಶ್ರುತಿಯನ್ನು ಹಿಡಿದಿಡುವ ಸೌಕರ್ಯ ತಂತ್ರಾಂಶದಲ್ಲಿದೆ. ಪಿ.ಬಿ. ಶ್ರೀನಿವಾಸರ ಕಂಠವನ್ನು ಕೀರಲು ಮಾಡಿದವನನ್ನು ಮದುವೆಮನೆಯ ಹಿರಿಯರು ಕ್ಷಮಿಸಲಾರರು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ ಪೆಟ್ಟಿಗೆಯನ್ನು ಈ ತಿಂಗಳೇ ಕೊಳ್ಳಬಾರದೆಂಬುದು. ಮಿಕ್ಸ್‌ಎಕ್ಸ್ ಎಂಬ ತಂತ್ರಾಂಶವೊಂದಿದೆ. 2001ರಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬರು ಆರಂಭಿಸಿದ ಅದು ಇಂದಿಗೂ ಸಂಪೂರ್ಣ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಓಡುತ್ತದೆ. ಮಗನಿಗೆ ಒಂದು ತಿಂಗಳು ಅದರಲ್ಲಿ ಕೀಲಿಮಣೆಯಿಂದಲೇ ಎರಡು ಹಾಡು ಕೂಡಿಸಲು ಹೇಳಿ. ಇಪ್ಪತ್ತು ಹಾಡುಗಳ ಪೆಟ್ಟನ್ನು ಕೈಗಡಿಯಾರ ಹಿಡಿದು ತಾನೇ ಎಣಿಸಿ ಪುಸ್ತಕದಲ್ಲಿ ಬರೆಯಲಿ. ತಿಂಗಳಾದ ಮೇಲೂ ಉತ್ಸಾಹ ಆರದಿದ್ದರೆ ಕೊಡಿಸಿ. ಆರಿದರೆ ತೊಗರಿಯ ಹಣ ಉಳಿಯಿತು. ಲ್ಯಾಪ್‌ಟಾಪಿನ ಯೋಗ್ಯತೆಯೂ ಈ ತಿಂಗಳಲ್ಲಿಯೇ ತಿಳಿಯುತ್ತದೆ. ಗುಂಡಿ ಒತ್ತಿದ ಮೇಲೆ ಧ್ವನಿ ತಡವಾಗಿ ಬರುತ್ತಿದ್ದರೆ, ನಡುನಡುವೆ ಕರಕರ ಎನ್ನುತ್ತಿದ್ದರೆ, ಪೆಟ್ಟಿಗೆಗಿಂತ ಮೊದಲು ಅದರ ಉಪಚಾರವಾಗಬೇಕು.

ಹಳೆಯ ಪೆಟ್ಟಿಗೆಯನ್ನು ಕೊಳ್ಳಬಹುದೆ? ಖಂಡಿತವಾಗಿ. ಡಿಡಿಜೆ-400ರಂಥದನ್ನು ಕೊಂಡು, ವರ್ಷದೊಳಗೆ ಬೇಸರಗೊಂಡು ಮಾರುವ ನಗರದ ಹವ್ಯಾಸಿಗಳು ಬಹಳ ಮಂದಿ. ಆದರೆ ಚಿತ್ರ ನೋಡಿ ಹಣ ಕಳಿಸಬೇಡಿ. ನಿಮ್ಮದೇ ಲ್ಯಾಪ್‌ಟಾಪನ್ನು ಒಯ್ದು ಜೋಡಿಸಿ, ಹಾಡು ಹಚ್ಚಿ, ಪ್ರತಿಯೊಂದು ಜಾರುಗುಂಡಿಯನ್ನೂ ನಿಧಾನವಾಗಿ ಮೇಲಿಂದ ಕೆಳಗೆ ಸರಿಸಿ ಕಿವಿಗೊಡಿ. ಚರಚರ ಸದ್ದು ಬಂದರೆ, ನಡುವೆ ಧ್ವನಿ ಕಡಿದರೆ ಒಳಗೆ ಧೂಳೋ ಸವಕಳಿಯೋ ಇದೆಯೆಂದು ಅರ್ಥ. ಎರಡು ಚಕ್ರಗಳನ್ನೂ ಮುಟ್ಟಿ, ತಳ್ಳಿ, ನಿಲ್ಲಿಸಿ ನೋಡಿ. ಯುಎಸ್‌ಬಿ ತಂತಿಯನ್ನು ಮೆಲ್ಲನೆ ಅಲ್ಲಾಡಿಸಿ. ಸಂಬಂಧ ಕಡಿದರೆ ಎದ್ದು ಬನ್ನಿ. ಹತ್ತು ವರ್ಷಗಳಿಗಿಂತ ಹಳೆಯದಾದರೆ ಇಂದಿನ ವಿಂಡೋಸಿನಲ್ಲಿ ಅದು ನಡೆಯುವುದೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳುವುದು ಕ್ಷೇಮ.

ಇನ್ನು ಆ ಸಾಲದ ಮಾತು. ಮೋರಟಗಿಯ ಗೃಹಸ್ಥರು ಪತ್ರದ ಕೊನೆಯಲ್ಲಿ ಕೇಳಿದ ಪ್ರಶ್ನೆ ಇದೇ: ಪೆಟ್ಟಿಗೆಗಿಂತ ಸೌಂಡ್ ಸಿಸ್ಟಮಿನಲ್ಲಿ ಸಂಪಾದನೆ ಹೆಚ್ಚಲ್ಲವೆ?

ಹೆಚ್ಚು ಇರಬಹುದು, ಕೆಲವು ತಿಂಗಳು. ಆದರೆ ಈ ವ್ಯಾಪಾರದ ಮೇಲೆ ಕಾನೂನಿನ ಕತ್ತಿ ತೂಗುತ್ತಿದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು; ಹಬ್ಬಹರಿದಿನಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಸಬಹುದು, ಅಷ್ಟೆ. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೊತ್ತುಮಾಡಲಾಗಿದೆ. ಸಾರ್ವಜನಿಕ ಸ್ಥಳದಲ್ಲಿ ಧ್ವನಿವರ್ಧಕ ಹಚ್ಚಿದರೆ ಆ ಸ್ಥಳದ ಎಲ್ಲೆಯಲ್ಲಿ ಶಬ್ದವು ಗೊತ್ತುಮಾಡಿದ್ದಕ್ಕಿಂತ 10 ಡೆಸಿಬೆಲ್ ಹೆಚ್ಚನ್ನಾಗಲಿ 75 ಡೆಸಿಬೆಲನ್ನಾಗಲಿ, ಯಾವುದು ಕಡಿಮೆಯೋ ಅದನ್ನು, ಮೀರಬಾರದು. 2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಈ ವಿಷಯದಲ್ಲಿ ವಿಸ್ತಾರವಾದ ತೀರ್ಪು ಕೊಟ್ಟಿದೆ. ಟ್ರ್ಯಾಕ್ಟರಿನ ಮೇಲೆ ಗೋಡೆಯಂತೆ ಪೇರಿಸಿದ ಸ್ಪೀಕರುಗಳು ಈ ಮಿತಿಯೊಳಗೆ ನಿಲ್ಲುವುದುಂಟೆ? ಗಣೇಶನ ಹಬ್ಬ ಬಂತೆಂದರೆ ಒಂದಲ್ಲ ಒಂದು ಜಿಲ್ಲೆಯಲ್ಲಿ ಡಿಜೆಗೆ ನಿಷೇಧದ ಆಜ್ಞೆ ಹೊರಡುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಆಜ್ಞೆ ಹೊರಟ ದಿನ ಸ್ಪೀಕರು ಮೂಲೆ ಸೇರುತ್ತದೆ. ಸಾಲದ ಕಂತು ಮಾತ್ರ ತಾರೀಖಿಗೆ ಸರಿಯಾಗಿ ಬಾಗಿಲು ಬಡಿಯುತ್ತದೆ. ಪಾಲುದಾರನ ಹೆಸರಿನಲ್ಲಿ ಸಾಮಾನು, ಮಗನ ಹೆಸರಿನಲ್ಲಿ ಸಾಲ ಎಂದಾದರಂತೂ ಕೇಳುವುದೇ ಬೇಡ. ಕಂಟ್ರೋಲರ್ ನುಡಿಸಬಲ್ಲವನಿಗೆ ಸ್ಪೀಕರು ಬಾಡಿಗೆಗೆ ಸಿಗುತ್ತದೆ. ಸ್ಪೀಕರು ಇದ್ದು ನುಡಿಸಲು ಬಾರದವನಿಗೆ ಕೈಚಳಕ ಬಾಡಿಗೆಗೆ ಸಿಗುವುದು ದುಬಾರಿ.

ಹಣದ ಲೆಕ್ಕಕ್ಕಿಂತ ದೊಡ್ಡದೊಂದು ಲೆಕ್ಕವಿದೆ. ಅದನ್ನು ತಾಯಿಯಾದವರು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇನೆ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕಿವಿ ತಾಳೀತೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು. ಅಲ್ಲಿಂದ ಮುಂದೆ 3 ಡೆಸಿಬೆಲ್ ಏರಿದಂತೆಲ್ಲ ತಾಳುವ ಹೊತ್ತು ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರಿಯ ಕಾಲುಗಂಟೆ. ಸ್ಪೀಕರಿನ ಗೋಡೆಯ ಹಿಂದೆ ವಾಯರು ಹಿಡಿದು ನಿಂತ ಹುಡುಗನು ರಾತ್ರಿಯಿಡೀ ಎಷ್ಟನ್ನು ಕೇಳುತ್ತಾನೆಂಬುದನ್ನು ಊಹಿಸಿಕೊಳ್ಳಿ. ಮೆರವಣಿಗೆಯ ಮರುದಿನ ಕಿವಿಯಲ್ಲಿ ಗುಂಯ್ ಎನ್ನುವುದು ಆಯಾಸದ ಗುರುತಲ್ಲ, ಒಳಗಿವಿಯ ಸೂಕ್ಷ್ಮ ಕೋಶಗಳು ನೊಂದ ಗುರುತು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಕಿವಿಯನ್ನೇ ಬಂಡವಾಳವಾಗಿಟ್ಟುಕೊಂಡು ಬದುಕಹೊರಟವನಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಕಂಟ್ರೋಲರಿನೊಡನೆ ಒಂದು ಜೊತೆ ಕಿವಿಬಿರಡೆಯನ್ನೂ ಕೊಡಿಸಿ. ಮಗನು ನಕ್ಕರೂ ಪರವಾಗಿಲ್ಲ. ಅವನು ಈಗ ಹೋಗುತ್ತಿರುವ ಕೂಲಿಯ ರಾತ್ರಿಗಳಿಗೂ ಅದು ಬೇಕು. ಈಗಾಗಲೇ ಗುಂಯ್‌ಗುಟ್ಟುವಿಕೆ ಇದ್ದರೆ ವಿಜಯಪುರದಲ್ಲಿ ಕಿವಿಯ ವೈದ್ಯರಿಗೆ ತೋರಿಸುವುದನ್ನು ಪೆಟ್ಟಿಗೆಗಿಂತ ಮುಂಚೆ ಮಾಡಿ.

ಹಾಡುಗಳ ಹಕ್ಕಿನ ವಿಷಯವಾಗಿ ಎರಡು ಮಾತು. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಮಾರಂಭಗಳಲ್ಲಿ ಹಾಡು ಹಚ್ಚುವುದಕ್ಕೆ ಕೃತಿಸ್ವಾಮ್ಯ ಕಾಯಿದೆಯ 52ನೆಯ ವಿಧಿಯಲ್ಲಿ ವಿನಾಯಿತಿಯಿದೆ. ಅದನ್ನೇ ಕತ್ತರಿಸಿ ಜೋಡಿಸಿ ತನ್ನ ಹೆಸರಿನಲ್ಲಿ ಯೂಟ್ಯೂಬಿಗೆ ಏರಿಸುವುದಕ್ಕೆ ಆ ವಿನಾಯಿತಿ ಸಲ್ಲದು. ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳಿಗೆ ಯೂಟ್ಯೂಬಿನಲ್ಲಿ ಈಗ ಬೇಡಿಕೆ ಬಹಳ. ಊರಿನ ಗಾಯಕರನ್ನು ಕೇಳಿ, ಒಪ್ಪಿಗೆ ಪಡೆದು, ಹಲಗಿಯವರನ್ನು ಕೂರಿಸಿ ತಾನೇ ಧ್ವನಿಮುದ್ರಿಸಿದರೆ ಹುಡುಗನಿಗೆ ಸ್ವಂತದ ಸರಕಾಗುತ್ತದೆ. ಇಂಡಿಯ ಸೀಮೆಯ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರಿಂದ ಹಾಡು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಅವರ ಕೈಯಲ್ಲಿ ಇದ್ದದ್ದು ಕಾಗದ ಮತ್ತು ಸೀಸದ ಕಡ್ಡಿ. ಅದೇ ಸೀಮೆಯ ಇಂದಿನ ಹುಡುಗನ ಕೈಯಲ್ಲಿ ಧ್ವನಿಮುದ್ರಿಸುವ ಯಂತ್ರವೇ ಇದೆ.

ಪೆಟ್ಟಿಗೆ ಮನೆಗೆ ಬಂದ ಮೇಲೆ ನೋಡಿಕೊಳ್ಳಬೇಕಾದದ್ದು ಧೂಳು, ಬಿಸಿಲು ಮತ್ತು ವಿದ್ಯುತ್ತು. ಎರೆಮಣ್ಣಿನ ಧೂಳು ಜಾರುಗುಂಡಿಯ ಸೀಳಿನೊಳಗೆ ಇಳಿದರೆ ಚರಚರ ಶುರುವಾಗುತ್ತದೆ. ಕೆಲಸವಿಲ್ಲದಾಗ ಒಣಬಟ್ಟೆ ಹೊದೆಸಿ ಡಬ್ಬಿಯಲ್ಲಿಡಬೇಕು. ಸದ್ದು ಬಂತೆಂದು ಹೊಲಿಗೆಯಂತ್ರದ ಎಣ್ಣೆ ಬಿಡುವವರಿದ್ದಾರೆ. ಅದರಿಂದ ಧೂಳು ಅಂಟಿ ಇನ್ನೂ ಕೆಡುತ್ತದೆ. ವಿದ್ಯುತ್ ಸಂಪರ್ಕಗಳನ್ನು ಶುಚಿಮಾಡುವ ದ್ರಾವಣವೇ ಬೇಕು. ಏಪ್ರಿಲ್-ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಟೆಂಪೋದ ಮುಂದಿನ ಗಾಜಿನ ಕೆಳಗೆ ಪೆಟ್ಟಿಗೆಯನ್ನೂ ಲ್ಯಾಪ್‌ಟಾಪನ್ನೂ ಬಿಡಬೇಡಿ. ಕೆಂಪು ದೀಪ ಹತ್ತುವಷ್ಟು ಧ್ವನಿ ಏರಿಸುವ ಚಟವನ್ನು ಮೊದಲ ದಿನದಿಂದಲೇ ಬಿಡಿಸಿ. ಧ್ವನಿಯ ಅಲೆಯ ತಲೆ ಕಡಿದು ಹೋದರೆ ಸ್ಪೀಕರಿನ ಚಿಕ್ಕ ತುತ್ತೂರಿ ಸುಟ್ಟುಹೋಗುತ್ತದೆ, ಬಾಡಿಗೆಯವನು ದಂಡ ಕೇಳುತ್ತಾನೆ.

ವಿದ್ಯುತ್ತಿನದು ಕೊನೆಯ ಮಾತಾದರೂ ಚಿಕ್ಕದಲ್ಲ. ಲ್ಯಾಪ್‌ಟಾಪಿಗೆ ಚಾರ್ಜರು ಹಚ್ಚಿದಾಗ ಸ್ಪೀಕರಿನಲ್ಲಿ ಜೇನುಹುಳುವಿನಂಥ ಗುಂಯ್ ಸದ್ದು ಬಂದು, ಚಾರ್ಜರು ತೆಗೆದಾಗ ನಿಂತರೆ, ಕಂಟ್ರೋಲರ್ ಕೆಟ್ಟಿತೆಂದು ಅಂಗಡಿಗೆ ಹೊತ್ತೊಯ್ಯಬೇಡಿ. ಬಹುಮಟ್ಟಿಗೆ ಅದು ಆ ಸ್ಥಳದ ಅರ್ಥಿಂಗಿನ ದೋಷ. ಹಳ್ಳಿಯ ಹಳೆಯ ಮನೆಗಳಲ್ಲಿಯೂ ಪೆಂಡಾಲಿನ ತಾತ್ಕಾಲಿಕ ತಂತಿಗಳಲ್ಲಿಯೂ ಇದು ಸಾಮಾನ್ಯ. ಆಗ ಚಾರ್ಜರನ್ನು ಕಳಚಿ ಬ್ಯಾಟರಿಯ ಮೇಲೆ ನುಡಿಸಬಹುದು. ಸದ್ದು ನಿಲ್ಲಲೆಂದು ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದು ಹಾಕುವ ಪದ್ಧತಿಯೊಂದು ಡಿಜೆಯವರಲ್ಲಿ ಕಾಣುತ್ತದೆ. ಮೈಕನ್ನು ಕೈಯಲ್ಲಿ ಹಿಡಿದವನಿಗೆ ವಿದ್ಯುತ್ತು ತಗಲುವುದು ಹೀಗೆಯೇ. ಮೋರಟಗಿಯ ಮನೆಯಲ್ಲಿ ಕಲಿಯುವ ಕೋಣೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ವಯರ್‌ಮನ್ ಒಬ್ಬರನ್ನು ಕರೆಸಿ ನೋಡಿಸಿ, ಇಲ್ಲದಿದ್ದರೆ ಈ ವಾರವೇ ಮಾಡಿಸಿ. ತಿಂಗಳ ಪರೀಕ್ಷೆಗೆ ಲ್ಯಾಪ್‌ಟಾಪು ಹಚ್ಚಬೇಕಾದದ್ದೂ ಅಲ್ಲಿಯೇ.